ಸಭೆಯ "ಸಾಮಾಜಿಕ ನಿಲುವು" ಬರೆಯೋದು ಎಲ್ಲಿಂದ ಶುರು ಮಾಡಬೇಕು? ಹಿರಿಯರ ಸಮಿತಿಗಳಲ್ಲಿ ಇರೋರಿಗೆ ಪ್ರಶ್ನೆ

ನೆರಳುಮರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ವಂದನೆ. ಸಭೆಯ (ಅಂದ್ರೆ ಚರ್ಚಿನ) ಹಿರಿಯರು ಸಾಮಾಜಿಕ ವಿಷಯಗಳ ಬಗ್ಗೆ ಒಂದು ನಿಲುವಿನ ಪತ್ರ ಬರೆಯೋಕೆ ಕೂತರೆ ಪಟ್ಟಿ ಬೇಗ ಬೆಳೆಯುತ್ತೆ: ವಿಚ್ಛೇದನ, ಮರುಮದುವೆ, ಮದುವೆಯಾಗದೆ ಜೊತೆಗಿರೋದು, ಕೂಲಿ, ರಾಜಕೀಯ, ಪರಿಸರ, ಈಗ ಎಐ ಕೂಡ. ಓದೋಕೆ ಸಿಗುವ ಕರಡುಗಳು ಹೆಚ್ಚಾಗಿ ಎರಡೇ ಥರ. ಲೋಕ ಕೆಟ್ಟುಹೋಯ್ತು ಅಂತ ಹತ್ತು ಪುಟ, ಇಲ್ಲಾ ಯಾರಿಗೂ ಬೇಜಾರಾಗಬಾರದು ಅಂತ ಏನನ್ನೂ ಹೇಳದ ಹತ್ತು ಪುಟ.

ಯಾವ ವಿಷಯ ಮೊದಲು ಎತ್ತಿಕೊಳ್ಳಬೇಕು? ಬದಲಾಗದ ಬೋಧನೆ ಯಾವುದು, ಕಾಲಕ್ಕೆ ತಕ್ಕ ತೀರ್ಮಾನ ಯಾವುದು ಅಂತ ಹೇಗೆ ಬೇರೆ ಮಾಡೋದು? ಬರೆದದ್ದು ಕಪಾಟಿನಲ್ಲಿ ಕೊಳೆಯದ ಹಾಗೆ ಜಾರಿಗೆ ತರೋದು ಹೇಗೆ? ಪ್ರಾರ್ಥನೆ ಇದ್ದೇ ಇರುತ್ತೆ. ಅದರ ಜೊತೆ ಕೈಯಾರೆ ಮಾಡಬೇಕಾದ ಕೆಲಸ ಏನು ಅನ್ನೋದು ಬೇಕಾಗಿದೆ.

ಲೆಕ್ಕಪುಸ್ತಕ

ಹಣದಿಂದ ಶುರು ಮಾಡಿ. ಲಂಚದ ವಿರುದ್ಧ ಪ್ರಸಂಗ ಕೊಡುವ ಸಭೆಯಲ್ಲಿ ಕಾಣಿಕೆಯನ್ನ ಒಬ್ಬರೇ ಎಣಿಸಿ, ಒಬ್ಬರೇ ಬರೆದು, ಒಬ್ಬರೇ ಬ್ಯಾಂಕಿಗೆ ಕಟ್ಟುತ್ತಿದ್ದರೆ ಆ ಪ್ರಸಂಗವನ್ನ ಯಾರು ಕೇಳ್ತಾರೆ? ಅಪೊಸ್ತಲ ಪೌಲ ಬಡವರ ಸಹಾಯದ ಹಣ ಸಾಗಿಸುವಾಗ ಸಭೆಗಳು ಆರಿಸಿದವರನ್ನ ಜೊತೆಗಿಟ್ಟುಕೊಂಡ. ಕರ್ತನ ಮುಂದಷ್ಟೇ ಅಲ್ಲ, ಮನುಷ್ಯರ ಮುಂದೆಯೂ ನೆಟ್ಟಗಿರಬೇಕು ಅಂತ ಕಾರಣವನ್ನೂ ಬರೆದ (2 ಕೊರಿಂಥ 8:20-21).

ಕನಿಷ್ಠ ಇಷ್ಟಿರಲಿ. ಆರಾಧನೆ ಮುಗಿದ ಕೂಡಲೇ, ಅದೇ ಕಟ್ಟಡದಲ್ಲಿ, ಸಂಬಂಧಿಕರಲ್ಲದ ಇಬ್ಬರು ಕೂತು ಎಣಿಸಬೇಕು. ಗಂಡ-ಹೆಂಡತಿ, ಅಣ್ಣ-ತಮ್ಮ ಜೋಡಿ ಬೇಡ. ಎಣಿಕೆ ಚೀಟಿಯಲ್ಲಿ ಪ್ರತಿ ಮುಖಬೆಲೆಯ ನೋಟು ಎಷ್ಟು, ಚೆಕ್ ಎಷ್ಟು ಅಂತ ಬರಬೇಕು. ಲಕೋಟೆ ಮೇಲೆ "ಬಡವರಿಗೆ", "ಕಟ್ಟಡಕ್ಕೆ" ಅಂತ ಬರೆದಿದ್ದರೆ ಅದಕ್ಕೆ ಬೇರೆ ಸಾಲು. ಇಬ್ಬರ ಸಹಿ, ಎರಡು ಪ್ರತಿ: ಒಂದು ಹಣದ ಚೀಲದೊಳಗೆ, ಇನ್ನೊಂದು ಖಜಾಂಚಿಯಲ್ಲದ ಬೇರೆಯವರ ಫೈಲಿಗೆ. ಮುಂದಿನ ಬ್ಯಾಂಕ್ ದಿನವೇ ಪೂರ್ತಿ ಮೊತ್ತ ಜಮಾ ಆಗಬೇಕು. ಅದರಲ್ಲೇ ಖರ್ಚು ಮಾಡಿ ಉಳಿದದ್ದನ್ನ ಕಟ್ಟಿದರೆ ಚೀಟಿಗೂ ಪಾಸ್‌ಬುಕ್‌ಗೂ ತಾಳೆ ಬರಲ್ಲ, ಆಮೇಲೆ ಕಳ್ಳತನ ಯಾವುದು, ಲೆಕ್ಕ ತಪ್ಪಿದ್ದು ಯಾವುದು ಅಂತ ಯಾರಿಗೂ ಹೇಳೋಕಾಗಲ್ಲ. ಚೆಕ್‌ಗೆ ಎರಡು ಸಹಿ. ಖಾಲಿ ಚೆಕ್‌ಗೆ ಮುಂಚೆಯೇ ಸಹಿ ಹಾಕಿಡೋದು ಬೇಡವೇ ಬೇಡ. ಕ್ಯೂಆರ್ ಕೋಡ್ ಸಭೆಯ ಖಾತೆಗೇ ಹೋಗಬೇಕು, ಪಾಸ್ಟರ ಸ್ವಂತ ಖಾತೆಗಲ್ಲ. ತಿಂಗಳ ತಾಳೆ ನೋಡೋರು ಚೆಕ್ ಬರೆಯೋರಾಗಿರಬಾರದು.

ಉಪ್ಪುಬೆಳಕು

ಲೆಕ್ಕಪುಸ್ತಕ ಅಣ್ಣ, ಎಲ್ಲ ಒಪ್ಪಿದೆ. ಆದರೆ "ಮೊದಲು ಮನೆ ಸರಿಮಾಡಿಕೊಳ್ಳೋಣ, ಆಮೇಲೆ ಲೋಕದ ಮಾತು" ಅನ್ನೋದು ಬಾಯಿ ಮುಚ್ಚಿಕೊಂಡಿರೋಕೆ ಒಳ್ಳೇ ನೆಪ ಆಗುತ್ತೆ. ಅನ್ಯಾಯದ ವಿರುದ್ಧ ಕೂಗಿದ ಪ್ರವಾದಿ ಆಮೋಸ ಯಾರ ಲೆಕ್ಕ ಸರಿಯಾಗಲಿ ಅಂತ ಕಾಯಲಿಲ್ಲ. ಬೀದಿಯಲ್ಲಿ ಅನ್ಯಾಯ ನಡೀತಿರುವಾಗ ಸಭೆ ವೋಚರ್ ಜೋಡಿಸ್ತಾ ಕೂತರೆ ಹೇಗೆ? 1934ರಲ್ಲಿ ಜರ್ಮನಿಯ ಬಾರ್ಮನ್‌ನಲ್ಲಿ ಸೇರಿದ ಸಭೆಗಳು ಹಿಟ್ಲರನ ಸರ್ಕಾರ ಸಭೆಯೊಳಗೆ ಕೈಹಾಕಿದಾಗ ಗಟ್ಟಿಯಾಗಿ ಹೇಳಲಿಲ್ವಾ?

ಬೆರೋಯದವ

ಬಾರ್ಮನ್ ಒಳ್ಳೇ ಉದಾಹರಣೆ, ಆದರೆ ಪೂರ್ತಿ ಹೇಳಬೇಕು. ಆ ಘೋಷಣೆಯ ಆರು ಅಂಶಗಳ ತಿರುಳು ಸಭೆಗೆ ಕ್ರಿಸ್ತನೊಬ್ಬನೇ ಒಡೆಯ ಅನ್ನೋದು. ಅದು ಆ ದಿನಗಳಲ್ಲಿ ಸಣ್ಣ ಧೈರ್ಯ ಅಲ್ಲ. ಆದರೆ ಯೆಹೂದ್ಯರ ಮೇಲೆ ಆಗ್ತಿದ್ದ ಹಿಂಸೆ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಸಭೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಾಗ ಬಾಯಿ ಬಂತು, ನೆರೆಯವರ ಜೀವಕ್ಕೆ ಬಂದಾಗ ಬರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1933ರಲ್ಲೇ, ಜರ್ಮನಿಯ ಪಾಸ್ಟರ್ ಬಾನ್‌ಹಾಫರ್ ಸಭೆ ಮಾಡಬೇಕಾದ್ದು ಮೂರು ಅಂತ ಬರೆದಿದ್ದರು: ನೀನು ಮಾಡ್ತಿರೋದು ನ್ಯಾಯವೇ ಅಂತ ಸರ್ಕಾರವನ್ನ ಕೇಳೋದು, ಏಟು ತಿಂದವರು ಕ್ರೈಸ್ತರಾಗಿರಲಿ ಬಿಡಲಿ ಅವರಿಗೆ ನೆರವಾಗೋದು, ಕೊನೆಗೆ, ಚಕ್ರದಡಿ ಸಿಕ್ಕವರಿಗೆ ಪಟ್ಟಿ ಕಟ್ಟೋದಷ್ಟೇ ಅಲ್ಲ, ಆ ಚಕ್ರವನ್ನೇ ತಡೆಯೋದು.

ಹಾಗಾಗಿ ಯಾವುದೇ ಕರಡು ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದ್ದು ಇದು: ಇದರಲ್ಲಿ ನಮ್ಮ ಹಕ್ಕಿನ ಸಾಲು ಎಷ್ಟು, ಬೇರೆಯವರ ನೋವಿನ ಸಾಲು ಎಷ್ಟು?

ನೆರಳುಮರ

ಇದನ್ನ ಬರೆದಿಟ್ಟುಕೊಂಡೆ. ಬದಲಾಗುವುದು, ಬದಲಾಗದ್ದು ಇದರ ಬಗ್ಗೆ?

ಹಳೇದಾರಿ

ನನ್ನ ಅಭಿಪ್ರಾಯ ನೇರ. ಸಂಸ್ಕೃತಿ ಬದಲಾದಂತೆ ಸಭೆ ಬದಲಾದರೆ ಅದು ಸಭೆ ಅಲ್ಲ. 1920ರಲ್ಲಿ ಆಂಗ್ಲಿಕನ್ ಬಿಷಪ್‌ಗಳ ಲ್ಯಾಂಬೆತ್ ಸಮ್ಮೇಳನ ಕೃತಕ ಗರ್ಭನಿರೋಧದ ವಿರುದ್ಧ ಎಚ್ಚರಿಸಿತು. ಹತ್ತೇ ವರ್ಷದಲ್ಲಿ, 1930ರಲ್ಲಿ, ಕೆಲವು ಸಂದರ್ಭಗಳಲ್ಲಿ ಪರವಾಗಿಲ್ಲ ಅಂತು. ಹತ್ತು ವರ್ಷದಲ್ಲಿ ದೇವರ ವಾಕ್ಯ ಬದಲಾಯ್ತಾ?

ಬೆರೋಯದವ

ಹಳೇದಾರಿ ಅಣ್ಣ, ಪ್ರಶ್ನೆ ನ್ಯಾಯವಾದದ್ದೇ. ರೋಮನ್ ಕ್ಯಾಥೋಲಿಕ್ ಸಭೆ ಅದೇ 1930ರ ಕೊನೆಯಲ್ಲಿ ಕೃತಕ ಗರ್ಭನಿರೋಧ ತಪ್ಪೇ ಅಂತ ಎದುರು ಉತ್ತರ ಕೊಟ್ಟಿತು, 1968ರಲ್ಲಿ ಮತ್ತೆ ಅದನ್ನೇ ದೃಢಪಡಿಸಿತು. ಹಾಗಂತ "ಬದಲಾಗದೇ ಇದ್ದದ್ದೆಲ್ಲ ಸರಿ, ಬದಲಾದದ್ದೆಲ್ಲ ತಪ್ಪು" ಅನ್ನೋ ಅಳತೆಗೋಲು ನಿಲ್ಲಲ್ಲ. ಬಡ್ಡಿಯನ್ನ ನೋಡಿ. 1179ರ ಮೂರನೇ ಲ್ಯಾಟರನ್ ಮಹಾಸಭೆ ಬಡ್ಡಿ ವ್ಯಾಪಾರಿಗಳಿಗೆ ಪ್ರಭುಭೋಜನವೂ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಇಲ್ಲ, ಕ್ರೈಸ್ತ ಸಮಾಧಿಯೂ ಇಲ್ಲ ಅಂದಿತ್ತು. ಇವತ್ತು ಸಭೆಗಳೇ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿ ತಗೊಳ್ತವೆ. ಇಲ್ಲಿ ಒಳಗಿನ ತತ್ವ ಏನು? ಬಡವನ ಕಷ್ಟವನ್ನ ಲಾಭ ಮಾಡಿಕೊಳ್ಳಬೇಡ (ವಿಮೋಚನಕಾಂಡ 22:25). ಆ ತತ್ವ ಹಾಗೇ ಉಳೀತು. ಹಸಿದವನ ಕೈಸಾಲ ಬೇರೆ, ವ್ಯಾಪಾರದ ಬಂಡವಾಳ ಬೇರೆ ಅನ್ನೋದು ಸ್ಪಷ್ಟವಾದ ಮೇಲೆ ಅದನ್ನ ಅನ್ವಯಿಸುವ ರೀತಿ ಬದಲಾಯ್ತು.

ಅದಕ್ಕೇ ಕರಡಿನ ಪ್ರತಿ ಪ್ಯಾರಾದ ಅಂಚಿನಲ್ಲಿ ಮೂರರಲ್ಲಿ ಒಂದು ಗುರುತು ಹಾಕಿ ಅಂತ ನನ್ನ ಸಲಹೆ. "ವಿಶ್ವಾಸ": ವಿಶ್ವಾಸಪ್ರಮಾಣದಲ್ಲಿ (ಸಭೆಯ ಮೂಲ ನಂಬಿಕೆಗಳ ಹೇಳಿಕೆಯಲ್ಲಿ) ಇರುವಂಥದ್ದು, ಸಮಿತಿಗೆ ಮುಟ್ಟುವ ಅಧಿಕಾರ ಇಲ್ಲ. "ನಮ್ಮ ತೀರ್ಮಾನ": ವಾಕ್ಯದಿಂದ ತರ್ಕಿಸಿ ಈ ಸಭೆ ಮುಟ್ಟಿದ ತೀರ್ಮಾನ, ಯಾವ ವಾಕ್ಯ, ಯಾವ ತರ್ಕ ಅಂತ ಕೆಳಗೆ ಬರೆಯಬೇಕು, ಇಂತಿಷ್ಟು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. "ಮನಸ್ಸಾಕ್ಷಿ": ರೋಮಾಪುರ 14ರ ಥರದ್ದು, ಭಿನ್ನಾಭಿಪ್ರಾಯ ಇಟ್ಟುಕೊಂಡೇ ಒಂದೇ ಮೇಜಿಗೆ ಬರಬಹುದು. ಸಮಿತಿಯ ಹೆಚ್ಚಿನ ಜಗಳ ಒಬ್ಬರು ಮೂರನೆಯದನ್ನ ಮೊದಲನೆಯದು ಅಂದುಕೊಂಡಿದ್ದರಿಂದಲೋ, ಮೊದಲನೆಯದನ್ನ ಮೂರನೆಯದು ಅಂದುಕೊಂಡಿದ್ದರಿಂದಲೋ ಬರುತ್ತೆ.

ಉಪ್ಪುಬೆಳಕು

ಹಳೇದಾರಿ ಅಣ್ಣನವರಿಗೆ ಇನ್ನೊಂದು ಮಾತು. ಸಂಸ್ಕೃತಿಗೆ ತಲೆಬಾಗೋದು ಅಂದ್ರೆ ಯಾವಾಗಲೂ ಹೊಸದಕ್ಕೆ ತಲೆಬಾಗೋದು ಅಂತಲೇ ಯಾಕೆ ಅಂದ್ಕೋಬೇಕು? ಗುಲಾಮರನ್ನ ಇಟ್ಟುಕೊಳ್ಳೋದು ಆ ಕಾಲದ ರೂಢಿ. ನೂರಾರು ವರ್ಷ ಸಭೆ ಆ ರೂಢಿಗೆ ತಲೆಬಾಗಿತ್ತು. 4ನೇ ಶತಮಾನದಲ್ಲೇ ಬಿಷಪ್ ನಿಸ್ಸಾದ ಗ್ರೆಗೊರಿ ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯನಿಗೆ ಬೆಲೆ ಕಟ್ಟೋಕೆ ನೀನು ಯಾರು ಅಂತ ಪ್ರಸಂಗದಲ್ಲಿ ಕೇಳಿದ್ದರು. ವಾಕ್ಯ ಇತ್ತು, ದನಿಯೂ ಇತ್ತು, ಕೇಳೋ ಮನಸ್ಸು ಇರಲಿಲ್ಲ.

ಹಳೇದಾರಿ

ಗ್ರೆಗೊರಿ ವಿಷಯ ಒಪ್ಪಿದೆ. ಅದು ನನ್ನ ವಾದಕ್ಕೇ ಬಲ ಅಲ್ವಾ? ಅವರು ಸಂಸ್ಕೃತಿಯನ್ನ ಕೇಳಲಿಲ್ಲ, ಆದಿಕಾಂಡವನ್ನ ಕೇಳಿದರು.

ಬೆರೋಯದವ

ಹೌದು, ಅಲ್ಲಿ ನಾವೆಲ್ಲ ಒಂದೇ ಕಡೆ ಇದ್ದೀವಿ. ಇದಕ್ಕೆ ತಿರುಗುಮುರುಗಾದ ಉದಾಹರಣೆ ದಕ್ಷಿಣ ಆಫ್ರಿಕದ್ದು. ಸಮಿತಿಗಳಲ್ಲಿ ಇರೋರೆಲ್ಲ ಇದನ್ನ ತಿಳಿದಿರಲೇಬೇಕು. 1857ರಲ್ಲಿ ಅಲ್ಲಿನ ಡಚ್ ರಿಫಾರ್ಮ್ಡ್ ಸಭೆಯ ಸಿನೋದಿನ (ತೀರ್ಮಾನ ಮಾಡುವ ಮಹಾಸಭೆಯ) ಮುಂದೆ ಒಂದು ಪ್ರಶ್ನೆ ಬಂತು: ಕೆಲವು ಬಿಳಿಯರು ಕರಿಯ ವಿಶ್ವಾಸಿಗಳ ಜೊತೆ ಪ್ರಭುಭೋಜನಕ್ಕೆ ಕೂರಲ್ಲ ಅಂತಾರೆ, ಏನು ಮಾಡೋದು? ಎಲ್ಲರೂ ಒಟ್ಟಿಗೆ ಕೂರೋದೇ ವಾಕ್ಯಕ್ಕೆ ಸರಿ ಅಂತ ಸಿನೋದ್ ಬರೀತು. ಬರೆದು, "ಕೆಲವರ ಬಲಹೀನತೆಯ ಕಾರಣ" ಬೇರೆ ಬೇರೆ ಆರಾಧನೆಗೂ ಅವಕಾಶ ಕೊಟ್ಟಿತು. ತತ್ವ ಸರಿ, ರಿಯಾಯಿತಿ ತಾತ್ಕಾಲಿಕ ಅನ್ನೋ ಭಾವನೆ. 1881ರ ಹೊತ್ತಿಗೆ ಅದು ಬೇರೆಯದೇ ಮಿಷನ್ ಸಭೆಯಾಯ್ತು, ಮುಂದಿನ ಶತಮಾನದಲ್ಲಿ ವರ್ಣಭೇದಕ್ಕೇ ದೈವಶಾಸ್ತ್ರದ ಆಸರೆಯಾಯ್ತು. ಹಾಗೆ ಬೇರೆ ಮಾಡಿಸಿಕೊಂಡ ಸಭೆಯೇ 1982ರಲ್ಲಿ ಬೆಲ್ಹಾರ್ ವಿಶ್ವಾಸಪ್ರಮಾಣದ ಕರಡು ಮಾಡಿ 1986ರಲ್ಲಿ ಅಂಗೀಕರಿಸಿತು: ಜನರನ್ನ ಬಲವಂತವಾಗಿ ಬೇರೆ ಮಾಡೋದು ಸುವಾರ್ತೆಗೇ ವಿರುದ್ಧ ಅಂತ.

ಎಲ್ಲಿ ಜಾರಿದರು ನೋಡಿ. ರಿಯಾಯಿತಿಗೆ ಅವಧಿ ಇರಲಿಲ್ಲ. ಅದನ್ನ ಕೇಳಿದವರು ಬಲಶಾಲಿಗಳು, ಆದರೂ "ಬಲಹೀನರು" ಅನ್ನೋ ಹೆಸರು ಅವರಿಗೆ ಸಿಕ್ಕಿತು. ಅವಮಾನ ಆಗ್ತಿದ್ದವರನ್ನ ಯಾರೂ ಕೇಳಲಿಲ್ಲ. ನಿಮ್ಮ ಪತ್ರದಲ್ಲಿ "ಸದ್ಯಕ್ಕೆ", "ಕೆಲವರ ಮನಸ್ಸಿಗೆ ನೋವಾಗದಂತೆ" ಅನ್ನೋ ಮಾತು ಬಂದರೆ ಅಲ್ಲೇ ನಿಂತು ಕೇಳಿ: ಯಾವ ದಿನಾಂಕದವರೆಗೆ? ಇದರ ಭಾರ ಹೊರೋರು ಯಾರು?

ಕುರಿಹಟ್ಟಿ

ಇತಿಹಾಸ ಎಲ್ಲ ಸರಿ. ಯಾರೂ ಮಕ್ಕಳ ಸುರಕ್ಷತೆ ವಿಷಯ ಎತ್ತಲಿಲ್ಲ. ನನ್ನ ಪ್ರಕಾರ ಅದೇ ಮೊದಲ ಪುಟ. 2024ರ ನವೆಂಬರ್‌ನಲ್ಲಿ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಪ್ರಕಟಿಸಿದ್ದು ಯಾವ ಬೋಧನೆಯ ಜಗಳಕ್ಕೂ ಅಲ್ಲ. ಹುಡುಗರ ಮೇಲೆ ನಡೆದ ದೌರ್ಜನ್ಯವನ್ನ 2013ರಲ್ಲೇ ಪೊಲೀಸರಿಗೆ ವಿಧಿವತ್ತಾಗಿ ತಿಳಿಸಬಹುದಿತ್ತು, ತಿಳಿಸಬೇಕಿತ್ತು ಅಂತ ಸ್ವತಂತ್ರ ವರದಿ ಹೇಳಿದ್ದಕ್ಕೆ.

ಸಂಡೇಸ್ಕೂಲ್ ಮೇಜು

ಕುರಿಹಟ್ಟಿಯವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನಿಯಮಗಳು ಕಷ್ಟದ್ದೇನಲ್ಲ, ಪಾಲಿಸೋದೇ ಕಷ್ಟ.

ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಅವರಿಬ್ಬರೂ ಒಂದೇ ಮನೆಯವರಲ್ಲ. ಬಾಗಿಲಿಗೆ ಗಾಜಿನ ಕಿಂಡಿ, ಇಲ್ಲದಿದ್ದರೆ ಬಾಗಿಲು ತೆರೆದೇ ಇರಲಿ. ಹೊಸದಾಗಿ ಬಂದವರಿಗೆ ಕನಿಷ್ಠ ಆರು ತಿಂಗಳು ಮಕ್ಕಳ ಸೇವೆ ಇಲ್ಲ, ಎಷ್ಟೇ ಚೆನ್ನಾಗಿ ಹಾಡಲಿ. ಹಿಂದಿದ್ದ ಸಭೆಗೆ ಫೋನ್ ಮಾಡಿ ಕೇಳಬೇಕು. ಅವರೇ ತಂದ ಪತ್ರವನ್ನ ನಂಬಿ ಸುಮ್ಮನಾಗಬಾರದು. ಟೀಚರ್ ಮಗುವಿಗೆ ಖಾಸಗಿ ಮೆಸೇಜ್ ಕಳಿಸಬಾರದು, ತಂದೆತಾಯಿ ಇರೋ ಗುಂಪಿನಲ್ಲಿ ಮಾತ್ರ. ಗಾಡಿಯಲ್ಲಿ ಒಬ್ಬ ದೊಡ್ಡವರು ಒಂದು ಮಗುವನ್ನ ಒಂಟಿಯಾಗಿ ಕರೆದೊಯ್ಯಬಾರದು. ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಜೊತೆಗೆ ಆ ದಿನ ಯಾವ ದೊಡ್ಡವರಿದ್ದರು ಅಂತಲೂ ಬರೀಬೇಕು. ವರ್ಷಗಳಾದ ಮೇಲೆ ದೂರು ಬಂದರೆ ತನಿಖೆಯವರು ಮೊದಲು ಕೇಳೋದು ಅದನ್ನೇ.

ಈ ನಿಯಮ ಕುಸಿಯೋದು ಹೆಚ್ಚಾಗಿ ಆಳು ಕಮ್ಮಿ ಇರೋ ದಿನ. ಒಬ್ಬರು ರಜೆ, "ಇವತ್ತೊಂದು ದಿನ ನಡೆಯುತ್ತೆ" ಅಂತಾರೆ. ನಡೆಯಲ್ಲ. ಎರಡನೆಯವರು ಇಲ್ಲದಿದ್ದರೆ ಆ ದಿನ ತರಗತಿ ಇಲ್ಲ, ಮಕ್ಕಳು ತಂದೆತಾಯಿ ಜೊತೆ ಆರಾಧನೆಯಲ್ಲೇ ಕೂರ್ತಾರೆ.

ಹಳೇದಾರಿ

ಇವೆಲ್ಲ ಬೇಕು, ವಿರೋಧ ಇಲ್ಲ. ಆದರೆ ದೂರು ಬಂದಾಗ ಮತ್ತಾಯ 18:15-17ರ ಕ್ರಮ ಇದೆಯಲ್ಲ: ಮೊದಲು ಒಬ್ಬನೇ ಹೋಗಿ ಮಾತಾಡು, ಆಮೇಲೆ ಇಬ್ಬರು ಮೂವರು, ಆಮೇಲೆ ಸಭೆ. ನೇರ ಪೊಲೀಸರ ಹತ್ತಿರ ಓಡೋದು ವಾಕ್ಯಕ್ಕೆ ಸರಿಯಾ? ವಿಶ್ವಾಸಿಗಳು ತಮ್ಮ ವ್ಯಾಜ್ಯವನ್ನ ಹೊರಗಿನ ನ್ಯಾಯಾಲಯಕ್ಕೆ ಒಯ್ಯಬಾರದು ಅಂತ ಪೌಲ 1 ಕೊರಿಂಥ 6ರಲ್ಲಿ ಹೇಳಲಿಲ್ವಾ?

ಸಂಡೇಸ್ಕೂಲ್ ಮೇಜು

ಅಣ್ಣ, ಬೇಜಾರು ಮಾಡ್ಕೋಬೇಡಿ, ಇದರಲ್ಲಿ ನಾನು ಒಂದಿಂಚೂ ಬಿಟ್ಟುಕೊಡಲ್ಲ. ಏಟು ತಿಂದ ಮಗುವನ್ನ ಏಟು ಕೊಟ್ಟವನ ಮುಂದೆ ಒಂಟಿಯಾಗಿ ಕಳಿಸು ಅಂತ ಮತ್ತಾಯ 18 ಹೇಳೋದೇ ಇಲ್ಲ. ಅದೇ ಅಧ್ಯಾಯದ 6ನೇ ವಚನ ಓದಿ: ಈ ಚಿಕ್ಕವರಲ್ಲಿ ಒಬ್ಬನಿಗೆ ತೊಡಕಾದವನ ಕೊರಳಿಗೆ ಬೀಸೋಕಲ್ಲು ಕಟ್ಟಿ ಸಮುದ್ರಕ್ಕೆ ಹಾಕೋದೇ ಲೇಸು ಅಂತ.

ಬೆರೋಯದವ

1 ಕೊರಿಂಥ 6 ಆಸ್ತಿ, ಕೊಡುಕೊಳ್ಳುವಿಕೆಯಂಥ ವ್ಯಾಜ್ಯಗಳ ಬಗ್ಗೆ. "ಅದಕ್ಕಿಂತ ಅನ್ಯಾಯವನ್ನ ಯಾಕೆ ಸಹಿಸಬಾರದು" ಅಂತ ಪೌಲ ಕೇಳಿದ್ದು ತನ್ನ ಹಕ್ಕನ್ನ ತಾನೇ ಬಿಟ್ಟುಕೊಡಬಲ್ಲ ದೊಡ್ಡವನನ್ನ. ಅಪರಾಧಕ್ಕೆ ರೋಮಾಪುರ 13:4 ಇದೆ, ಕೆಟ್ಟದ್ದು ಮಾಡಿದವನನ್ನ ದಂಡಿಸೋಕೆ ದೇವರು ಅಧಿಕಾರಿಯನ್ನ ಇಟ್ಟಿದ್ದಾನೆ. ಇನ್ನು ಹಿರಿಯರ ಮೇಲಿನ ದೂರಿಗೆ 1 ತಿಮೊಥೆಯ 5:19-21. "ಇಬ್ಬರು ಮೂವರು ಸಾಕ್ಷಿಗಳು" ಅನ್ನೋದನ್ನಷ್ಟೇ ಹೇಳಿ ನಿಲ್ಲಿಸ್ತಾರೆ. ಪಾಪ ಮಾಡ್ತಿರೋರನ್ನ ಎಲ್ಲರ ಮುಂದೆ ಗದರಿಸು, ಪಕ್ಷಪಾತ ಮಾಡಬೇಡ ಅನ್ನೋ ಮುಂದಿನ ವಚನಗಳನ್ನ ಓದಲ್ಲ. ಸಾಕ್ಷಿ ಅಂದ್ರೆ ಕಣ್ಣಾರೆ ಕಂಡವನೇ ಆಗಬೇಕಿಲ್ಲ. ವೈದ್ಯಕೀಯ ವರದಿ, ಮೆಸೇಜ್, ಇನ್ನೊಬ್ಬರ ಬೇರೆ ದೂರು ಎಲ್ಲವೂ ಸಾಕ್ಷಿಯೇ.

ಕುರಿಹಟ್ಟಿ

ದೂರು ಕಿವಿಗೆ ಬಿದ್ದ ಮೊದಲ ಗಂಟೆಯಲ್ಲಿ ಆಗುವ ತಪ್ಪುಗಳೇ ಮುಂದೆ ಕೇಸನ್ನ ಹಾಳು ಮಾಡ್ತವೆ. ಮಗು ಹೇಳಿದ್ದನ್ನ ಮಗುವಿನ ಮಾತಲ್ಲೇ ಬರೆಯಿರಿ, ದೊಡ್ಡವರ ಪದ ಸೇರಿಸಬೇಡಿ. ದಿನಾಂಕ, ಸಮಯ, ಅಲ್ಲಿ ಇದ್ದವರು ಯಾರು ಅಂತ ಬರೆದು ಸಹಿ ಹಾಕಿ. ಮತ್ತೆ ಮತ್ತೆ ಕೇಳಬೇಡಿ, "ಅವರು ಹೀಗೆ ಮಾಡಿದ್ರಾ?" ಅಂತ ಬಾಯಿಗೆ ಮಾತು ತುರುಕಬೇಡಿ. ಕೇಳಿ ಕೇಳಿ ಮಗುವಿನ ಮಾತು ಬದಲಾದರೆ ಕೋರ್ಟಿನಲ್ಲಿ ಅದೇ ಮೊದಲ ಪ್ರಶ್ನೆ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ನಿನ್ನನ್ನ ಕಾಪಾಡೋಕೆ ಯಾರಿಗೆ ಹೇಳಬೇಕೋ ಅವರಿಗೆ ಹೇಳ್ತೀನಿ" ಅನ್ನಿ. ಆರೋಪಿಗೆ ಮುಂಚೆ ಸುಳಿವು ಕೊಡಬೇಡಿ, ಫೋನು ಕಂಪ್ಯೂಟರಿನಲ್ಲಿ ಇರೋದೆಲ್ಲ ಅಳಿಸಿಹೋಗುತ್ತೆ. ಅದೇ ದಿನ ಕಾನೂನು ಹೇಳುವ ಅಧಿಕಾರಿಗೆ ತಿಳಿಸಿ. ತನಿಖೆ ಮುಗಿಯೋವರೆಗೆ ಆರೋಪಿ ಎಲ್ಲ ಸೇವೆಯಿಂದ ಹೊರಗೆ. ಅದು ತೀರ್ಪಲ್ಲ, ಮುನ್ನೆಚ್ಚರಿಕೆ ಅಂತ ಬರವಣಿಗೆಯಲ್ಲಿ ಕೊಡಿ. ರಾಜಿ ಪ್ರಾರ್ಥನೆ ಅಂತ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸೋದು ಅತ್ಯಂತ ಕೆಟ್ಟ ಕೆಲಸ.

ಮೌನವಾಗಿ ಬೇರೆ ಸಭೆಗೆ ವರ್ಗ ಮಾಡೋದು ಅದಕ್ಕಿಂತಲೂ ಕೆಟ್ಟದ್ದು.

ಕ್ಯಾನನ್ ಓದುಗ

ಕ್ಯಾಥೋಲಿಕ್ ಕಡೆಯಿಂದ ಒಂದೆರಡು ಮಾತು. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ನಿಯಮದ ಪ್ರಕಾರ ಫಾದರ್‌ಗಳು, ಸಿಸ್ಟರ್‌ಗಳು, ಬ್ರದರ್‌ಗಳು ಇಂಥ ವಿಷಯ ತಿಳಿದರೆ ಸಭೆಯ ಅಧಿಕಾರಿಗೆ ತಡಮಾಡದೆ ವರದಿ ಮಾಡಲೇಬೇಕು. ಪ್ರತಿ ಧರ್ಮಪ್ರಾಂತ್ಯದಲ್ಲೂ ಜನ ಸುಲಭವಾಗಿ ದೂರು ಕೊಡುವ ವ್ಯವಸ್ಥೆ ಇರಬೇಕು. ಮುಚ್ಚಿಹಾಕಿದ ಬಿಷಪ್‌ರ ಮೇಲೂ ತನಿಖೆ ಇದೆ. ದೇಶದ ಕಾನೂನು ಹೇಳುವ ವರದಿ ಹೊಣೆಯನ್ನ ಇದು ಕಮ್ಮಿ ಮಾಡಲ್ಲ. 2023ರಲ್ಲಿ ಇದನ್ನ ಪರಿಷ್ಕರಿಸಿ ಕಾಯಂ ಮಾಡಿದರು.

ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯ ಗುಟ್ಟು ಬೇರೆ. ಕ್ಯಾನನ್ (ಕ್ಯಾಥೋಲಿಕ್ ಸಭೆಯ ಕಾನೂನಿನ ವಿಧಿ) 983ರ ಪ್ರಕಾರ ಅದನ್ನ ಮುರಿಯುವ ಹಾಗೇ ಇಲ್ಲ. ಆದರೆ ಆಫೀಸಿನಲ್ಲಿ ಕೂತು ಹೇಳಿದ್ದು, ಆಪ್ತ ಸಲಹೆಯಲ್ಲಿ ಹೇಳಿದ್ದು, ಫೋನಿನಲ್ಲಿ ಹೇಳಿದ್ದು ಪಾಪನಿವೇದನೆ ಅಲ್ಲ. ಈ ಗೆರೆಯನ್ನ ಪತ್ರದಲ್ಲಿ ಸ್ಪಷ್ಟವಾಗಿ ಎಳೀಬೇಕು, ಇಲ್ಲದಿದ್ದರೆ ಎಲ್ಲ ಮಾತೂ ಗುಟ್ಟಿನ ಹೆಸರಲ್ಲಿ ಮುಚ್ಚಿಹೋಗುತ್ತೆ. ಹಣದ ವಿಷಯಕ್ಕೂ ಒಂದು ಸೇರಿಸ್ತೀನಿ: ಪ್ರತಿ ಪ್ಯಾರಿಷ್‌ಗೂ ಹಣಕಾಸು ಸಮಿತಿ ಇರಲೇಬೇಕು (ಕ್ಯಾನನ್ 537), ಭಕ್ತರು ಕೊಟ್ಟದ್ದಕ್ಕೆ ಭಕ್ತರಿಗೆ ಲೆಕ್ಕ ಕೊಡಬೇಕು (1287).

ತೆರೆದ ಕಿಟಕಿ

ಮನೆಯೊಳಗಿನ ಹಿಂಸೆ ಬಗ್ಗೆ ಯಾರಾದರೂ ಬರೆಯಿರಿ. ಹೊಡೆತ ತಿಂದ ಹೆಂಗಸು ಪಾಸ್ಟರ್ ಹತ್ತಿರ ಬಂದರೆ "ವಿಧೇಯಳಾಗಿರು, ದೇವರು ವಿಚ್ಛೇದನವನ್ನ ಹಗೆಮಾಡ್ತಾನೆ" ಅಂತ ಮಲಾಕಿ 2:16ರ ಅರ್ಧ ವಚನ ಹೇಳಿ ವಾಪಸ್ ಕಳಿಸೋದು ಇನ್ನೂ ನಿಂತಿಲ್ಲ. ಆ ವಚನದ ಉಳಿದರ್ಧ ಬಲಾತ್ಕಾರದ ಬಗ್ಗೆಯೇ ಇದೆ.

ಕ್ಯಾನನ್ ಓದುಗ

ಮದುವೆಯನ್ನ ಮುರಿಯಲಾಗದು ಅಂತ ಎಲ್ಲರಿಗಿಂತ ಗಟ್ಟಿಯಾಗಿ ಹೇಳುವ ಕ್ಯಾಥೋಲಿಕ್ ಸಭೆಯ ಕ್ಯಾನನ್ 1153 ಓದಿ, ಸಿಸ್ಟರ್. ಸಂಗಾತಿಯ ಇಲ್ಲವೇ ಮಕ್ಕಳ ಮನಸ್ಸಿಗೋ ದೇಹಕ್ಕೋ ಗಂಭೀರ ಅಪಾಯ ಇದ್ದರೆ ಬೇರೆ ಹೋಗೋಕೆ ಅದು ನ್ಯಾಯವಾದ ಕಾರಣ. ತಡಮಾಡಿದರೆ ಅಪಾಯ ಅನ್ನೋ ಸಂದರ್ಭದಲ್ಲಿ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಬೇರೆ ವಾಸ ಅಂದ ಮಾತ್ರಕ್ಕೆ ಮದುವೆ ರದ್ದಾಯ್ತು ಅಂತಲ್ಲ. ಜೀವ ಉಳಿಸಿಕೊಳ್ಳೋದು ಅಷ್ಟೇ.

ಕುರಿಹಟ್ಟಿ

ಪಾಸ್ಟರ್‌ಗಳಿಗೆ: ಹಿಂಸೆ ಇರುವ ಕಡೆ ಗಂಡ-ಹೆಂಡತಿಯನ್ನ ಒಟ್ಟಿಗೆ ಕೂರಿಸಿ ಆಪ್ತ ಸಲಹೆ ಕೊಡಬೇಡಿ. ಅಲ್ಲಿ ಅವಳು ಸತ್ಯ ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೆ ಏಟು. ಅವಳನ್ನ ಪ್ರತ್ಯೇಕವಾಗಿ, ಇನ್ನೊಬ್ಬ ಹೆಂಗಸಿನ ಜೊತೆ ಕಂಡು ಮಾತಾಡಿ. ಅವಳ ಫೋನಿಗೆ ಮೆಸೇಜ್ ಹಾಕಬೇಡಿ, ಅದನ್ನ ಗಂಡ ನೋಡಬಹುದು. ಯಾವ ಸಮಯಕ್ಕೆ, ಯಾವ ನಂಬರಿಗೆ ಕರೆ ಮಾಡಬಹುದು ಅಂತ ಅವಳನ್ನೇ ಕೇಳಿ. ಅಗತ್ಯ ಕಾಗದಪತ್ರ, ಮಾತ್ರೆ, ಬೇರೆ ಕೀಲಿ, ಸ್ವಲ್ಪ ಹಣ ಇರುವ ಒಂದು ಚೀಲ ಬೇರೆ ಕಡೆ ಇಡಲು ನೆರವಾಗಿ. ಹೊರಡುವ ಹೊತ್ತು ಮತ್ತು ಹೊರಟ ಮೇಲಿನ ದಿನಗಳೇ ಹೆಚ್ಚು ಅಪಾಯದವು, ಹಾಗಾಗಿ "ಇವತ್ತೇ ಬಿಟ್ಟು ಬಾ" ಅಂತ ಒತ್ತಾಯ ಮಾಡೋದೂ ತಪ್ಪು. ತೀರ್ಮಾನ ಅವಳದ್ದು. ಗಂಡ ಕಣ್ಣೀರು ಹಾಕಿ ಕ್ಷಮೆ ಕೇಳಿದ ಅಂತ ಫೈಲ್ ಮುಚ್ಚಬೇಡಿ. ಪಶ್ಚಾತ್ತಾಪವನ್ನ ತಿಂಗಳುಗಳ ನಡತೆಯಲ್ಲಿ ನೋಡಬೇಕು.

ತೆರೆದ ಕಿಟಕಿ

ಧನ್ಯವಾದ. ಹಾಗಾದರೆ ದೂರು ಕೇಳುವ ಸಮಿತಿಯಲ್ಲಿ ಹೆಂಗಸರು ಇರಲೇಬೇಕು ಅಲ್ವಾ? ಗಂಡಸರೇ ತುಂಬಿದ ಮೇಜಿನ ಮುಂದೆ ಯಾರು ಬಾಯಿ ಬಿಡ್ತಾರೆ?

ಹಳೇದಾರಿ

ಇಲ್ಲಿ ಹೆಂಗಸರ ದೀಕ್ಷೆ (ಅವರನ್ನ ಪಾಸ್ಟರ್ ಆಗಿ ನೇಮಿಸೋ) ವಿಷಯ ಎಳೀಬೇಡಿ. ಹೆಂಗಸು ಗಂಡಸಿಗೆ ಉಪದೇಶಿಸಬಾರದು ಅನ್ನೋ 1 ತಿಮೊಥೆಯ 2:12 ಇದೆ.

ಉಪ್ಪುಬೆಳಕು

ರೋಮಾಪುರ 16:1ರಲ್ಲಿ ಫೊಯಿಬೆಯೂ ಇದ್ದಾಳೆ, ಕೆಂಕ್ರೆಯ ಸಭೆಯ ಸೇವಕಿ.

ನೆರಳುಮರ

ದೀಕ್ಷೆಯ ಚರ್ಚೆ ಬೇರೆ ಎಳೆಯಲ್ಲಿ ಮುಂದುವರಿಸೋಣ, ದಯವಿಟ್ಟು. ಹಳೇದಾರಿ ಅಣ್ಣ, ದೀಕ್ಷೆ ಬದಿಗಿಟ್ಟು ಕೇಳ್ತೀನಿ: ದೂರು ಕೇಳುವ ಸಮಿತಿಯಲ್ಲಿ ಹೆಂಗಸರು ಇರೋಕೆ ನಿಮ್ಮ ಅಡ್ಡಿ ಇದೆಯಾ?

ಹಳೇದಾರಿ

ಇಲ್ಲ. ಇರಬೇಕು. ಕನಿಷ್ಠ ಅರ್ಧ. ಸಭೆಯ ಹೊರಗಿನವರೂ ಒಬ್ಬರಿರಲಿ, ಕಾನೂನು ಗೊತ್ತಿರೋರು. ಪಾಸ್ಟರ್ ಆ ಸಮಿತಿಯ ಅಧ್ಯಕ್ಷರಾಗೋದು ಬೇಡ, ಯಾಕಂದ್ರೆ ದೂರು ಅವರ ಮೇಲೇ ಬರಬಹುದು.

ಬೆರೋಯದವ

ಇದಕ್ಕೆ ಅಪೊಸ್ತಲರ ಕೃತ್ಯಗಳು 6 ನೋಡಿ. ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯ ಆಗ್ತಿದೆ ಅಂತ ದೂರು. ಅಪೊಸ್ತಲರು "ಐಕ್ಯ ಕೆಡಿಸಬೇಡಿ" ಅಂತ ಬಾಯಿ ಮುಚ್ಚಿಸಲಿಲ್ಲ. ಇಡೀ ಸಭೆಯನ್ನ ಕರೆದು ಏಳು ಜನರನ್ನ ಆರಿಸಿ ಅಂದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರು ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಹಂಚಿಕೆ ಹೋಯ್ತು ಅಂತ ಓದೋಕೆ ಇದು ದೊಡ್ಡ ಆಧಾರ.

ಲೆಕ್ಕಪುಸ್ತಕ

ಕೂಲಿ ವಿಷಯ ಮರೀಬೇಡಿ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ನ್ಯಾಯವಾದ ಕೂಲಿ, ಕಾರ್ಮಿಕರ ಸಂಘ ಕಟ್ಟುವ ಹಕ್ಕು ಎತ್ತಿ ಹಿಡಿದರು. 2025ರಲ್ಲಿ ಆಯ್ಕೆಯಾದ ಪೋಪ್ ಅದೇ ಹೆಸರು ಆರಿಸಿಕೊಂಡು, ಎಐ ತರುವ ಬದಲಾವಣೆಯಲ್ಲಿ ದುಡಿಮೆಯ ಘನತೆ ಕಾಪಾಡೋದನ್ನೂ ಕಾರಣವಾಗಿ ಹೇಳಿದರು. ಸಭೆಯ ಗುಡಿಸುವವರಿಗೆ, ಕಾವಲಿನವರಿಗೆ, ಆರ್ಗನ್ ನುಡಿಸುವವರಿಗೆ ನಿಮ್ಮ ದೇಶದ ಕನಿಷ್ಠ ವೇತನ ಸಿಗುತ್ತಿದೆಯಾ? ನೇಮಕದ ಪತ್ರ ಇದೆಯಾ? ವಾರಕ್ಕೊಂದು ದಿನ ರಜೆ ಇದೆಯಾ? ಪಾಸ್ಟರ ಹೆಂಡತಿ ಸಂಬಳ ಇಲ್ಲದ ಎರಡನೇ ಪಾಸ್ಟರ್ ಆಗಿ ದುಡೀತಿದ್ದಾರಾ? ಯಾಕೋಬ 5:4ರಲ್ಲಿ ಹಿಡಿದಿಟ್ಟುಕೊಂಡ ಕೂಲಿಯೇ ಕೂಗ್ತದೆ. "ಸೇವೆ ಅಂದ್ಕೊಂಡು ಮಾಡಿ" ಅನ್ನೋ ಮಾತನ್ನ ಸಂಬಳದ ಬದಲಿಗೆ ಕೊಡೋ ಹಾಗಿಲ್ಲ.

ಉಪ್ಪುಬೆಳಕು

ಚುನಾವಣೆ ಸಮಯದಲ್ಲಿ?

ಬೆರೋಯದವ

ವಿಷಯದ ಬಗ್ಗೆ ಹೇಳಿ, ಅಭ್ಯರ್ಥಿಯ ಬಗ್ಗೆ ಬೇಡ. ಪ್ರಸಂಗಪೀಠದಿಂದ ಹೆಸರು ಹೇಳಿದ ದಿನ ಸಭೆ ಆ ಮನುಷ್ಯನ ನಾಳಿನ ತಪ್ಪಿಗೂ ಸಾಲಗಾರ ಆಗುತ್ತೆ. ಸಭೆಯ ಹೆಸರಲ್ಲಿ ಹೇಳಿಕೆ ಕೊಡುವ ಅಧಿಕಾರ ಯಾರಿಗೆ ಅಂತ ಮುಂಚೆಯೇ ಬರೆದಿಡಿ, ಇಬ್ಬರಿಗಿಂತ ಹೆಚ್ಚು ಬೇಡ. ಕರಡನ್ನ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಮತ್ತೆ ಓದಿ. ಅನ್ಯಾಯ ಆದವರ ಕಡೆಯವರೊಬ್ಬರು ಓದಲೇಬೇಕು. "ತೀವ್ರವಾಗಿ ಖಂಡಿಸುತ್ತೇವೆ" ಅಂತ ಮುಗಿಸದೆ ಈ ಸಭೆ ಏನು ಮಾಡುತ್ತೆ, ಯಾವಾಗ ಮಾಡುತ್ತೆ ಅಂತ ಒಂದು ಸಾಲು ಇರಲಿ.

ಸಂಡೇಸ್ಕೂಲ್ ಮೇಜು

ಎಐ ಬಗ್ಗೆ ಚಿಕ್ಕದಾಗಿ. ಎಐ ಪ್ರಸಂಗ ಬರೆಯಬಹುದಾ ಅನ್ನೋದಕ್ಕಿಂತ ಮೊದಲು ಒಂದು ನಿಯಮ ಹಾಕಿ: ಸಭಿಕರು ನಂಬಿ ಹೇಳಿದ ಕಷ್ಟವನ್ನ ಹೆಸರು ಸಮೇತ ಯಾವ ಆ್ಯಪ್‌ಗೂ ಟೈಪ್ ಮಾಡಬೇಡಿ. ಪ್ರಾರ್ಥನಾ ಗುಂಪಿನ ವಾಟ್ಸಾಪ್‌ಗೂ ಇದೇ ಮಾತು. "ಇಂಥವರ ಮಗಳಿಗೆ ಇಂಥ ಕಾಯಿಲೆ, ಪ್ರಾರ್ಥಿಸಿ" ಅಂತ ಹಾಕೋ ಮೊದಲು ಅವರನ್ನ ಕೇಳಬೇಕು. ಒಪ್ಪದಿದ್ದರೆ "ಒಂದು ಕುಟುಂಬಕ್ಕಾಗಿ" ಅಂದರೆ ಸಾಕು, ದೇವರಿಗೆ ವಿಳಾಸ ಗೊತ್ತಿದೆ.

ನೆರಳುಮರ

ಜಾರಿಗೆ ತರೋದು ಹೇಗೆ ಅನ್ನೋದು ಉಳೀತು. ಸಮಿತಿಯವರೇ ಹತ್ತಿಪ್ಪತ್ತು ವರ್ಷ ಬದಲಾಗದಿದ್ದರೆ ಯಾವ ನಿಯಮವೂ ನಿಲ್ಲಲ್ಲ ಅನ್ಸುತ್ತೆ.

ಕುರಿಹಟ್ಟಿ

ಅವಧಿ ಮೂರು ವರ್ಷ, ಸತತ ಎರಡು ಅವಧಿ, ಆಮೇಲೆ ಒಂದು ವರ್ಷವಾದರೂ ಬಿಡುವು. ಎಲ್ಲರೂ ಒಂದೇ ವರ್ಷ ಇಳಿಯದ ಹಾಗೆ ಮೂರನೇ ಒಂದು ಭಾಗ ಪ್ರತಿವರ್ಷ ಬದಲಾಗಲಿ, ಕೆಲಸ ಗೊತ್ತಿರೋರು ಯಾವಾಗಲೂ ಉಳೀತಾರೆ. ಒಂದೇ ಮನೆಯಿಂದ ಇಬ್ಬರು ಬೇಡ. ತನ್ನ ಸಂಬಂಧಿಕರ ಗುತ್ತಿಗೆ, ನೇಮಕ, ದೂರು ಚರ್ಚೆಗೆ ಬಂದರೆ ಎದ್ದು ಹೊರಗೆ ಹೋಗಬೇಕು, ಹೋದದ್ದನ್ನ ನಡಾವಳಿಯಲ್ಲಿ ಬರೀಬೇಕು. ಕೋಣೆಯಲ್ಲೇ ಕೂತು "ನಾನು ಮತ ಹಾಕಲ್ಲ" ಅಂದರೆ ಸಾಲದು, ಅವರ ಮುಖ ನೋಡಿ ಯಾರೂ ಮಾತಾಡಲ್ಲ.

ಹಳೇದಾರಿ

ಅಪೊಸ್ತಲರ ಕೃತ್ಯಗಳು 15ನ್ನೂ ಸೇರಿಸಿ. ಯೆರೂಸಲೇಮಿನ ಹಿರಿಯರು ಪತ್ರವನ್ನ ಬರೆದು ಕಳಿಸಿ ಕೈತೊಳಕೊಳ್ಳಲಿಲ್ಲ. ಬಾಯಿಮಾತಿನಲ್ಲೂ ವಿವರಿಸಲಿ ಅಂತ ಯೂದನನ್ನೂ ಸೀಲನನ್ನೂ ಜೊತೆಗೆ ಕಳಿಸಿದರು (15:27). ಪತ್ರವೂ ಚಿಕ್ಕದು, ಬಿಡಬೇಕಾದ್ದು ನಾಲ್ಕೇ ವಿಷಯ.

ನೆರಳುಮರ

ಕೊನೆಯದಾಗಿ: ದೂರಿನ ಕಾಗದ, ಎಣಿಕೆ ಚೀಟಿ, ಹಾಜರಿ ಪುಸ್ತಕ ಇವನ್ನ ಎಷ್ಟು ಕಾಲ ಇಡಬೇಕು?

ಲೆಕ್ಕಪುಸ್ತಕ

ಲೆಕ್ಕದ ಕಾಗದಕ್ಕೆ ನಿಮ್ಮ ದೇಶದ ತೆರಿಗೆ ಕಾನೂನು ಅವಧಿ ಹೇಳುತ್ತೆ, ಅದನ್ನ ಆಡಿಟರ್‌ನ ಕೇಳಿ. ಆಡಿಟ್ ಮುಗಿಯದ ವರ್ಷದ್ದು ಏನೂ ಎಸೆಯಬಾರದು.

ಸಂಡೇಸ್ಕೂಲ್ ಮೇಜು

ಮಕ್ಕಳಿಗೆ ಸಂಬಂಧಿಸಿದ್ದನ್ನ ಎಸೆಯಲೇಬೇಡಿ. ಬಾಲ್ಯದಲ್ಲಿ ಆದದ್ದನ್ನ ಹೇಳೋಕೆ ಎಷ್ಟೋ ಜನರಿಗೆ ಹತ್ತಾರು ವರ್ಷ ಬೇಕಾಗುತ್ತೆ. ಬೀಗದ ಕಪಾಟು, ಎರಡು ಕೀಲಿ, ಒಂದು ಕಾರ್ಯದರ್ಶಿ ಹತ್ತಿರ, ಇನ್ನೊಂದು ದೂರು ಸಮಿತಿಯ ಹತ್ತಿರ. ಯಾರು ಯಾವಾಗ ತೆರೆದರು ಅಂತ ಬಾಗಿಲ ಒಳಗೆ ಒಂದು ಹಾಳೆ. ಪಾಸ್ಟರ್ ಬದಲಾದಾಗ ಹೊಸಬರಿಗೆ ಕಪಾಟನ್ನ ಒಪ್ಪಿಸುವ ದಿನ ಆ ಹಾಳೆಗೂ ಇಬ್ಬರ ಸಹಿ.